ಒಗ್ಗರಣೆ ಇಲ್ಲದ ದಿನಗಳು

ಹೋದ ತಿಂಗಳು ಬಿಸಿಲೆ ರಸ್ತೆಯ ಒಂದು ಎಸ್ಟೇಟಿನಲ್ಲಿ ಕಲಾ ಶಿಬಿರ ನಡೆಯಿತು. ಕಾಫಿ ಒಣಗಿಸುವ ಕಣದ ಉದ್ದಕ್ಕೂ ಹಳೆಯ ಗೋಣಿಚೀಲಗಳನ್ನು ಹಗ್ಗಕ್ಕೆ ನೇತುಹಾಕಿ, ಒಂದೊಂದರ ಒಳಗೂ ಬಲ್ಬು ಉರಿಸಿ, ಅದಕ್ಕೆ ‘ಬೆವರಿನ ಮೌನ’ ಎಂದು ಹೆಸರಿಟ್ಟಿದ್ದರು. ಅಂಥ ಚೀಲ ಹೊತ್ತು ಬೆನ್ನು ಬಾಗಿದವರು ಯಾರೂ ಅಲ್ಲಿರಲಿಲ್ಲ. ಅವರು ಕೂಲಿಯವರ ಲೈನಿನ ಮನೆಗಳಲ್ಲಿ ಕುಳಿತು, ಮೊಬೈಲಿನಲ್ಲಿ ಯಾರೋ ಸೊಂಟ ಕುಣಿಸುವುದನ್ನು ನೋಡುತ್ತಿದ್ದರು. ಅದೂ ಇದಕ್ಕಿಂತ ಮೇಲಾಗೇನೂ ಇರಲಿಲ್ಲ. ಸ್ಪೀಕರಿನಲ್ಲಿ ಕಪ್ಪೆಗಳ ಕೂಗನ್ನು ರೆಕಾರ್ಡು ಮಾಡಿ ಹಾಕಿದ್ದರು. ಪಕ್ಕದ ಕೆರೆಯಲ್ಲಿ ನಿಜವಾದ ಕಪ್ಪೆಗಳೇ ಕೂಗುತ್ತಿದ್ದವು. ಅವುಗಳಿಂದ ಕಾರ್ಯಕ್ರಮಕ್ಕೆ ತೊಂದರೆಯಾಗುತ್ತಿದೆ ಎಂದು ಸ್ಪೀಕರಿನ ಸದ್ದನ್ನು ಜಾಸ್ತಿ ಮಾಡಿದರು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು, ಊರಿನ ಹಳೇ ತಲೆ, ನಾಲ್ಕು ಮಾತಾಡಿಯಾಳು ಎಂದು ನನ್ನನ್ನು ಕರೆದಿದ್ದರು. ಹರಕು ಪ್ಯಾಂಟಿನ ಒಬ್ಬ ಹುಡುಗ ಬಹಳ ವಿನಯದಿಂದ ಕೇಳಿದ:

“ಮೇಡಂ, ಇಷ್ಟೆಲ್ಲ ಆರ್ಟ್, ಇಷ್ಟೆಲ್ಲ ಕಂಟೆಂಟ್ ಇರೋ ಕಾಲದಲ್ಲಿ ನಿಮ್ಮ ಆತ್ಮಕ್ಕೆ ಆಹಾರ ಅಂತ ಏನನ್ನ ಆರಿಸ್ಕೋತೀರಿ?”

“ಒಗ್ಗರಣೆ ಹಾಕದ ಬೇಳೆಸಾರು,” ಅಂದೆ.

ಎಲ್ಲರೂ ನಕ್ಕರು. ಒಬ್ಬಳು ಬರೆದುಕೊಂಡಳು. ನಾನು ತಮಾಷೆ ಮಾಡಿರಲಿಲ್ಲ. ಆದರೆ ಅದನ್ನು ಅವರಿಗೆ ಬಿಡಿಸಿ ಹೇಳುವ ಉಸಾಬರಿ ನನಗೆ ಬೇಕಿರಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಹೊಂಗಡಹಳ್ಳದಿಂದ ಒಂದಿಷ್ಟು ಮೇಲೆ, ಏರಿನಲ್ಲಿತ್ತು. ನಮ್ಮದು ಎಸ್ಟೇಟು ಎನ್ನಿಸಿಕೊಳ್ಳುವಂಥದ್ದಲ್ಲ. ಮನೆಯ ಹಿಂದೆ ಒಂದಿಷ್ಟು ಕಾಫಿ, ಮುಂದೆ ಒಂದಿಷ್ಟು ಗದ್ದೆ. ನಡುಮನೆಯ ಗೂಡಿನಲ್ಲಿ ರೇಡಿಯೊ, ಅದಕ್ಕೆ ಅವ್ವ ಹೆಣೆದ ಬಿಳಿ ಮುಸುಕು. ಅಡಿಗೆಮನೆಯ ತುಂಬ ಹೊಗೆ. ಎಲ್ಲ ಕೋಣೆಗಳ ತುಂಬ ಅಜ್ಜಿ. ಅಪ್ಪನ ತಾಯಿಯಾದ ಈ ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ, ಆದರೆ ತಿರಸ್ಕಾರ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಸೇರದ ಹಾಡು ರೇಡಿಯೊದಲ್ಲಿ ಬಂದರೆ ಆಫ್ ಮಾಡಿ ಎಂದು ಹೇಳುತ್ತಿರಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಸೌದೆ ನೂಕುತ್ತಿದ್ದಳು. ಭಾನುವಾರ ಕೆಟ್ಟ ಹಾಡುಗಳು ಜಾಸ್ತಿ ಬಂದರೆ ನಮಗೆಲ್ಲ ಸ್ನಾನದ ನೀರು ಸುಡುತ್ತಿತ್ತು. ಒಳ್ಳೆಯದು ಬಂದಾಗ ಹೊಗಳುತ್ತಿದ್ದಳೇ ಎಂದರೆ ಅದೂ ಇಲ್ಲ. ಕುಳಿತಲ್ಲೇ ಕುಳಿತಿರುತ್ತಿದ್ದಳು, ಅಷ್ಟೇ. ಅವಳು ಏಳದೆ ಕುಳಿತ ಹಾಡುಗಳು ಯಾವುವೆಂದು ನಾನು ಗಮನಿಸುತ್ತಿದ್ದೆ. ನನ್ನ ಸಾಹಿತ್ಯಶಿಕ್ಷಣ ಅಲ್ಲಿ ಆದಷ್ಟು ಆಮೇಲೆ ಯಾವ ಮೇಷ್ಟರ ಕೈಯಲ್ಲೂ ಆಗಲಿಲ್ಲ.

ವರ್ಷಕ್ಕೊಮ್ಮೆ, ಕಾಫಿ ಹೂವು ಮುಗಿದ ಮೇಲೆ, ಊರಿಗೆ ಸುಗ್ಗಿ, ನಮ್ಮ ಊರ ದೇವರ ಹಬ್ಬ, ಬರುತ್ತಿತ್ತು. ಹಬ್ಬ ಇಂಥ ದಿನದಿಂದ ಎಂದು ಊರಿಗೆಲ್ಲ ಸಾರಿ ಹೇಳುತ್ತಿದ್ದರು. ಸಾರಿದ ಗಳಿಗೆಯಿಂದ ಹಸಿ ಮರಕ್ಕೆ ಕತ್ತಿ ಹಾಕುವಂತಿಲ್ಲ, ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ, ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ. ಎಣ್ಣೆ ಕಾಯಿಸಿ ಸಾಸಿವೆ ಚಟಪಟ ಎನ್ನಿಸಿದರೆ ಊರ ದೇವರಿಗೆ ಮುನಿಸು. ಹಬ್ಬ ಮುಗಿಯುವ ತನಕ ಬೇಳೆಯನ್ನು ಬೇಯಿಸಿ, ಉಪ್ಪು ಹುಳಿ ಖಾರ ಹಾಕಿ, ಹಾಗೆಯೇ ಉಣ್ಣಬೇಕು. ಮೊದಲ ದಿನ ಅದು ನಾಲಿಗೆಗೆ ಬಟ್ಟೆಯ ಹಾಗಿರುತ್ತಿತ್ತು. ಬರಬರುತ್ತಾ ಇದು ಹೋದ ವರ್ಷದ ಹಳೇ ಬೇಳೆ, ಇದು ಹೊಸದು, ಇದು ಸೀದದ್ದು ಎಂದು ತಿಳಿಯತೊಡಗುತ್ತಿತ್ತು. ಬೇಳೆ ಕೆಟ್ಟಿದ್ದರೆ ಮುಚ್ಚಿಡಲು ಅವ್ವನಿಗೆ ದಾರಿಯೇ ಇರಲಿಲ್ಲ. ಊರಿನವರ ಈ ಕಟ್ಟಳೆಗೆ ಅಜ್ಜಿ ತನ್ನದೊಂದನ್ನು ಸೇರಿಸಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ರೇಡಿಯೊ ಹಾಕುವಂತಿಲ್ಲ. ರೇಡಿಯೊ ಬಂದಾದ ಆ ಸಂಜೆಗಳಲ್ಲಿ, ವರ್ಷಕ್ಕೊಮ್ಮೆ ಮಾತ್ರ, ನಡುಮನೆಯ ಕಂಬಕ್ಕೊರಗಿ ಕಮಲತ್ತೆ ಹಾಡುತ್ತಿದ್ದಳು.

ಕಮಲತ್ತೆ ಅಪ್ಪನ ತಂಗಿ. ಮಗ್ಗೆ ಎಂಬ ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಅಲ್ಲಿಯವರು ಮೂದಲಿಸಿ ಮೂದಲಿಸಿ, ಕೊನೆಗೊಂದು ದಿನ ಒಂದು ಟ್ರಂಕಿನ ಸಮೇತ ತಂದು ಬಿಟ್ಟು ಹೋಗಿದ್ದರು. ನಮ್ಮ ಮನೆಯಲ್ಲಿ ಅವಳನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಏನೂ ಕೇಳುತ್ತಲೂ ಇರಲಿಲ್ಲ. ಅವಳು ಹಾಡುತ್ತಿದ್ದದ್ದು ತವರಿಗೆ ಹೊರಟ ಒಬ್ಬ ಹೆಣ್ಣುಮಗಳ ಹಾಡು. ಆ ಹೆಣ್ಣು ದಾರಿ ತಪ್ಪಿ, ಸಿಕ್ಕಿದ ಹಳ್ಳವನ್ನು, ಮರವನ್ನು, ಹಕ್ಕಿಯನ್ನು ದಾರಿ ಕೇಳುತ್ತಾ ಹೋಗುತ್ತಾಳೆ. ಒಂದೊಂದೂ ತನ್ನ ಕಷ್ಟ ಹೇಳಿಕೊಂಡ ಮೇಲೆಯೇ ದಾರಿ ತೋರಿಸುವುದು. ಸುಗ್ಗಿಯ ಮೊದಲ ಸಂಜೆ ಹೊರಟವಳು ಕೊನೆಯ ಸಂಜೆ ತವರಿನ ಬಾಗಿಲು ಮುಟ್ಟುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಬಂದು ಗೋಡೆಗೊರಗಿ ಕೂತು ದನಿಗೂಡಿಸುತ್ತಿದ್ದರು. ಕಣ್ಣೀರು ಕಾಣದ ಹಾಗೆ ಸೆರಗು ಎಳೆದುಕೊಳ್ಳುತ್ತಿದ್ದರು. ಅಜ್ಜಿ ಬಚ್ಚಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಇದಕ್ಕೆ ಕಲ್ಲು ಬಿದ್ದದ್ದು ಚಿಕ್ಕಪ್ಪನಿಂದ. ಅಪ್ಪನ ಈ ತಮ್ಮ ಮೈಸೂರಿನಲ್ಲಿ ಓದಿ, ಡಿಗ್ರಿಯ ಬದಲು ಅಭಿರುಚಿಯನ್ನು ತೆಗೆದುಕೊಂಡು ಬಂದಿದ್ದ. ಖಾದಿ ಜುಬ್ಬ, ಬಗಲಿಗೊಂದು ಚೀಲ, ಮಾತಿಗೊಂದು ‘ಸಂವೇದನೆ’. ಮನೆಯ ಮೊರ, ಬೀಸುವ ಕಲ್ಲು, ಒನಕೆಗಳನ್ನೆಲ್ಲ ನಡುಮನೆಯ ಗೋಡೆಗೆ ಒರಗಿಸಿ ‘ಜಾನಪದ ಮೂಲೆ’ ಮಾಡಿದ. ಅಕ್ಕಿ ಕೇರಬೇಕಾದಾಗಲೆಲ್ಲ ಅವ್ವ ಆ ಮೂಲೆಯಿಂದ ಮೊರ ಕದ್ದು ತರಬೇಕಾಗುತ್ತಿತ್ತು. ಅಷ್ಟು ವರ್ಷ ಅತ್ತೆಯ ಹಾಡು ಶುರುವಾದಾಗಲೆಲ್ಲ ಎದ್ದು ಹೋಗಿ ಬೀಡಿ ಸೇದುತ್ತಿದ್ದ ಈ ಮನುಷ್ಯನಿಗೆ ಅದು ‘ನಶಿಸಿ ಹೋಗುತ್ತಿರುವ ಸಂಪತ್ತು’ ಎಂದು ಮೈಸೂರಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಕ್ಯಾಸೆಟ್ ಮಾಡಿಸುತ್ತೇನೆ ಎಂದ. ಅಜ್ಜಿ ಮೂಗು ಮುರಿದಳು. ಆದರೆ ಅತ್ತೆ, ಯಾವುದಕ್ಕೂ ಆಸೆ ತೋರಿಸದ ನಮ್ಮ ಅತ್ತೆ, ಅಂದು ಅಡಿಗೆಮನೆಗೆ ಬಂದು ಅಜ್ಜಿಯ ಎದುರು ಕುಳಿತಳು.

“ಡಬ್ಬಿ ಮ್ಯಾಲೆ ನನ್ನ ಹೆಸ್ರು ಹಾಕ್ತಾರಂತೆ ಕಣವ್ವ. ಮಗ್ಗೇಲೂ ಮಾರ್ತಾರಂತೆ.”

“ಮಾರ್ಲಿ. ಅದ್ರಿಂದ ನಿಂಗೇನು?”

“ಅವ್ರು ಕೇಳ್ಲಿ. ನಂಗೂ ಒಂದು ಏನೋ ಬರ್ತದೆ ಅಂತ ಅವ್ರಿಗೆ ಗೊತ್ತಾಗ್ಲಿ.”

ಅಜ್ಜಿ ಅಡ್ಡ ಬರಲಿಲ್ಲ. ಮಗಳ ಆಸೆ ಏನೆಂದು ಅವಳಿಗೆ ಅರ್ಥವಾಗಿತ್ತು, ಮತ್ತು ಅದರ ಎದುರು ತಿರಸ್ಕಾರ ನಡೆಯುವುದಿಲ್ಲ ಎಂಬುದೂ ಗೊತ್ತಿತ್ತು.

ಅತ್ತೆ ಹಾಡುವುದು ಸುಗ್ಗಿಯಲ್ಲಿ ಮಾತ್ರ. ಹಾಗಾಗಿ ರೆಕಾರ್ಡಿಂಗಿನವರು ಸುಗ್ಗಿಯಲ್ಲೇ ಬಂದರು. ಒಬ್ಬ ತಬಲದವನು, ಒಬ್ಬ ಕೀಬೋರ್ಡಿನವನು, ಒಬ್ಬ ವೈರು ಸುತ್ತುವವನು. ಊಟಕ್ಕೆ ಕೂತವರು ಬೇಳೆಸಾರಿನ ಒಂದು ತುತ್ತಿಗೇ ಮುಖ ಮುಖ ನೋಡಿಕೊಂಡರು. ‘ಸಪ್ಪೆ’ ಎಂದು ಕೀಬೋರ್ಡಿನವನು ತಬಲದವನ ಕಿವಿಯಲ್ಲಿ ಹೇಳಿದ್ದು ಚಿಕ್ಕಪ್ಪನಿಗೂ ಕೇಳಿಸಿತು. ಅತಿಥಿಗಳ ಮುಂದೆ ಮರ್ಯಾದೆ ಹೋಯಿತೆಂದು ಅವನಿಗೆ ತಡೆಯಲಾಗಲಿಲ್ಲ. ಹುಟ್ಟಿದಂದಿನಿಂದ ಒಲೆಯ ಮುಂದೆ ಕೂರದ ಗಂಡಸು ಎದ್ದುಹೋಗಿ, ಹೆಂಗಸರೆಲ್ಲ ಬಡಿಸುತ್ತಿದ್ದ ಹೊತ್ತಿನಲ್ಲಿ, ಸೌಟಿಗೆ ಎಣ್ಣೆ ಸುರಿದು ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸಿಡಿಸಿಯೇಬಿಟ್ಟ. ಘಾಟು ಮನೆ ದಾಟಿ, ಅಂಗಳ ದಾಟಿ, ಇಳಿಜಾರಿನಲ್ಲಿ ಊರಿಗೆ ಇಳಿಯಿತು. ಇಡೀ ಊರಿನ ಮೂಗು ಎಣ್ಣೆಯ ವಾಸನೆಗೆ ಹಸಿದು ಕೂತಿದ್ದ ದಿನಗಳವು. ಕೈ ತೊಳೆಯುವಷ್ಟರಲ್ಲಿ ಊರಿನ ಹಿರಿಯರು ಬರಿಗಾಲಲ್ಲಿ ನಮ್ಮ ಅಂಗಳದಲ್ಲಿದ್ದರು.

“ಏನಯ್ಯ ಇದು? ಸುಗ್ಗಿ ಒಳಗೆ ಒಗ್ಗರಣೆ ಹಾಕ್ಬುಟ್ಟಿದೀಯಲ್ಲ! ಮೈಸೂರ್ನಾಗೆ ಇದ್ನೇ ಕಲ್ತಿದ್ದಾ?”

“ಅತಿಥಿಗಳು, ಕಲಾವಿದರು...” ಚಿಕ್ಕಪ್ಪ ತೊದಲಿದ.

“ಕಲಾವಿದ್ರಿಗೆ ಬ್ಯಾರೆ ಹೊಟ್ಟೆ ಐತೇನಯ್ಯ?”

ಚಿಕ್ಕಪ್ಪ ಜುಬ್ಬ ಬಿಚ್ಚಿ, ಹೆಗಲಿಗೆ ಟವೆಲು ಹಾಕಿಕೊಂಡು, ದೇವರ ಮುಂದೆ ಕಾಯಿ ಒಡೆದು ತಪ್ಪಾಯಿತು ಎಂದು ಅಡ್ಡಬೀಳಬೇಕಾಯಿತು. ಕೀಬೋರ್ಡಿನವನು ಅದನ್ನು ‘ಎಂಥಾ ಅಥೆಂಟಿಕ್’ ಎಂದು ಫೋಟೊ ತೆಗೆದ. ಸಂಜೆ ರೆಕಾರ್ಡಿಂಗ್ ನಡೆಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ಹಾಡಿದಳು. ವೈರಿನವನು ನಡುನಡುವೆ ಕೈ ಎತ್ತಿ ನಿಲ್ಲಿಸಿ, ಸಾಕಮ್ಮ, ಇಷ್ಟರಲ್ಲಿ ನಾವು ಮಾಡ್ಕೋತೀವಿ ಎನ್ನುತ್ತಿದ್ದ.

ಅವರು ಮಾಡಿಕೊಂಡದ್ದು ಮಳೆಗಾಲ ಕಳೆದ ಮೇಲೆ ಬಂತು. ಕ್ಯಾಸೆಟ್ಟಿನ ಮೇಲೆ ಸೊಂಟದಲ್ಲಿ ಕೊಡ ಇಟ್ಟುಕೊಂಡು ನಗುತ್ತಿದ್ದ ಒಬ್ಬ ಬೆಡಗಿಯ ಚಿತ್ರವಿತ್ತು. ಆ ಕೊಡದಲ್ಲಿ ನೀರಿಲ್ಲವೆಂದು ಅವಳ ನಿಲುವಿನಲ್ಲೇ ತಿಳಿಯುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಸಂಗ್ರಹ, ಪರಿಕಲ್ಪನೆ, ನಿರ್ದೇಶನ ಎಂದು ಚಿಕ್ಕಪ್ಪನ ಹೆಸರು ಮೂರು ಸಲ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಕಮಲಮ್ಮ ಮತ್ತು ಸಂಗಡಿಗರು’. ಸಂಗಡಿಗರು ಯಾರೋ ನಮಗೆ ಗೊತ್ತಿರಲಿಲ್ಲ, ಮೈಸೂರಿನಲ್ಲಿ ಸೇರಿಸಿದ ಹುಡುಗಿಯರಂತೆ. ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿ ಚಿಕ್ಕಪ್ಪ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಮೊದಲು ಗುಡುಗು, ಆಮೇಲೆ ಕೊಳಲು, ಆಮೇಲೆ ಹುಡುಗಿಯರ ಹೊಯ್, ಹೊಯ್. ಅದರ ಸಂದಿಯಲ್ಲೆಲ್ಲೋ ಅತ್ತೆಯ ದನಿ ಎರಡು ಸಾಲು ಹೇಳಿ ಮುಳುಗಿತು. ತವರಿಗೆ ಹೊರಟವಳು ಮೊದಲನೇ ಹಳ್ಳವನ್ನೂ ದಾಟಲಿಲ್ಲ. ಅಲ್ಲೇ ನಿಂತು ತಾಳ ಹೊಡೆಯುತ್ತಿದ್ದಳು.

“ಹೆಂಗಿದೆ?” ಎಂದ ಚಿಕ್ಕಪ್ಪ.

“ಸಾಸ್ವೆ ಚೆನ್ನಾಗಿ ಸಿಡೀತೈತೆ. ಬ್ಯಾಳೆ ಎಲ್ಲಿ ಮಗಾ?” ಎಂದು ಅಜ್ಜಿ ಬಚ್ಚಲಿಗೆ ಎದ್ದಳು.

ಅತ್ತೆ ಮಾತ್ರ ಡಬ್ಬಿಯನ್ನು ಕೈಯಲ್ಲಿ ಹಿಡಿದು ಇರುವೆ ಅಕ್ಷರಗಳನ್ನು ನೋಡುತ್ತಿದ್ದಳು. ಊರಿನಲ್ಲಿ ಕ್ಯಾಸೆಟ್ ಮನೆಮನೆಗೂ ಹೋಯಿತು. ನಮ್ಮ ಊರಿನವರ ಬಗ್ಗೆ ನನಗೆ ಭ್ರಮೆಗಳಿಲ್ಲ. ಗೋಡೆಗೊರಗಿ ಅತ್ತ ಅದೇ ಹೆಂಗಸರು ಅದೇ ಹೊಯ್ ಹೊಯ್‌ಗೆ ತಲೆಯಾಡಿಸಿ, ನಿನ್ನ ಹಾಡು ಈಗ ಪಿಚ್ಚರ್ ಥರ ಆಗ್ಬುಟ್ಟೈತೆ ಕಮಲಿ ಎಂದು ಹೊಗಳಿದರು. ಕೆಟ್ಟದ್ದನ್ನು ಪೇಟೆಯವರು ನಮ್ಮ ಮೇಲೆ ಹೇರಿದರು ಎಂದು ಇತ್ತೀಚೆಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ಅದಕ್ಕೇ ನಗು ಬರುತ್ತದೆ. ಯಾರೂ ಹೇರಲಿಲ್ಲ. ನಾವೇ ಓಡಿಹೋಗಿ ಕೈಯೊಡ್ಡಿದೆವು.

ಕ್ಯಾಸೆಟ್ಟಿನಿಂದ ಹಾಸನದ ಒಂದು ಸಾಂಸ್ಕೃತಿಕ ಸಮಾರಂಭಕ್ಕೆ ಅತ್ತೆಗೆ ಕರೆ ಬಂತು. ಶಾಲು, ಹಾರ, ವೇದಿಕೆ. ಮಗ್ಗೆಯವರಿಗೂ ಹೇಳಿ ಕಳಿಸಿದ್ದೇನೆ, ಬರುತ್ತಾರೆ ಎಂದು ಚಿಕ್ಕಪ್ಪ ಹೇಳಿದ್ದ. ಅತ್ತೆ ಟ್ರಂಕಿನ ತಳದಿಂದ ಮದುವೆಯ ಸೀರೆ ತೆಗೆದು ಉಟ್ಟಳು, ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ. ಸಭಾಂಗಣದಲ್ಲಿ ಫ್ಯಾನುಗಳು, ಖಾಲಿ ಕುರ್ಚಿಗಳು, ಮುಂದಿನ ಸಾಲಿನಲ್ಲಿ ನಿದ್ದೆ ಮಾಡುವ ಗಣ್ಯರು. ವೇದಿಕೆ ಹತ್ತುವ ಮೊದಲು ಕೊರಳಿಗೆ ಬ್ಯಾಡ್ಜು ನೇತುಹಾಕಿಕೊಂಡ ಒಬ್ಬ ಅವಸರದಲ್ಲಿ ಬಂದ.

“ಅಮ್ಮಾ, ಮೈಕಿನ ಮುಂದೆ ನಿಂತು ಸುಮ್ನೆ ಬಾಯಾಡ್ಸಿ. ಹಾಡು ಕ್ಯಾಸೆಟ್ಟಿಂದ ಬರುತ್ತೆ.”

“ನಾನೇ ಬಂದಿದೀನಲ್ಲ ಸ್ವಾಮಿ. ನಾನೇ ಹಾಡ್ತೀನಿ.”

“ನೀವು ಹಾಡಿದ್ರೆ ಆ ಕ್ವಾಲಿಟಿ ಬರಲ್ಲಮ್ಮ. ಟೈಮೂ ಇಲ್ಲ.”

ಅತ್ತೆ ಚಿಕ್ಕಪ್ಪನ ಮುಖ ನೋಡಿದಳು. ಅವನು ಜುಬ್ಬದ ತೋಳು ಸರಿಮಾಡಿಕೊಳ್ಳುತ್ತಿದ್ದ. ಪರದೆ ಸರಿಯಿತು, ಗುಡುಗು ಬಂತು, ಕೊಳಲು ಬಂತು. ನಾನು ಬದಿಯ ಮೆಟ್ಟಿಲಲ್ಲಿ ಕುಳಿತಿದ್ದೆ, ಅತ್ತೆಯ ಮುಖ ನೇರವಾಗಿ ಕಾಣುತ್ತಿತ್ತು. ಅವಳ ದನಿ ಬಂತು. ಅವಳ ತುಟಿ ಅಲುಗಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟು, ಬಾಯಿ ಬಿಗಿದು, ಮುಂದಿನ ಸಾಲನ್ನು ನೆಟ್ಟ ನೋಟದಿಂದ ನೋಡುತ್ತಾ ಅವಳು ಹಾಡು ಮುಗಿಯುವ ತನಕ ನಿಂತಳು. ಈಗ ಯಾರಾದರೂ ಎದ್ದು ಕೂಗುತ್ತಾರೆ, ನಿಲ್ಲಿಸುತ್ತಾರೆ, ಗಲಾಟೆಯಾಗುತ್ತದೆ ಎಂದು ನಾನು ಕಾದೆ. ಏನೂ ಆಗಲಿಲ್ಲ. ಹಾಡು ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಗಣ್ಯರು ಎಚ್ಚರಗೊಂಡು ಶಾಲು ಹೊದಿಸಿದರು. ಎಂಥ ಕಂಠ, ಎಂಥ ತಾದಾತ್ಮ್ಯ ಎಂದು ಒಬ್ಬರು ಮೈಕಿನಲ್ಲಿ ಗದ್ಗದಿತರಾದರು. ಕೆಳಗಿಳಿದಾಗ ಮಗ್ಗೆಯ ನಾದಿನಿ ಕಾದು ನಿಂತಿದ್ದಳು.

“ಚೆನ್ನಾಗಿ ಹಾಡ್ದೆ ಕಣವ್ವ. ನಿಂಗೆ ಹಿಂಗೆ ಬರ್ತದೆ ಅಂತ ನಮ್ಗೆ ಗೊತ್ತೇ ಇರ್ಲಿಲ್ಲ.”

ಅತ್ತೆ ಇಷ್ಟು ವರ್ಷ ಕಾದಿದ್ದು ಈ ಮಾತಿಗೆ. ಅದು ಸಿಕ್ಕಿತ್ತು, ಒಂದಕ್ಷರವೂ ಬಿಡದೆ ಸಿಕ್ಕಿತ್ತು. ಅವಳ ಮುಖದಲ್ಲಿ ನಾನು ಆಗ ಕಂಡದ್ದನ್ನು ದುಃಖ ಎನ್ನಲಾರೆ. ಅದು ಅಜ್ಜಿ ಬಚ್ಚಲಿಗೆ ಏಳುವಾಗಿನ ಮುಖ. ಬಸ್ಸು ಹಾಸನ ದಾಟಿ, ಆಲೂರು ದಾಟಿದ ಮೇಲೆ ಕೇಳಿದಳು:

“ಮಂಜಿ, ನೀನು ನೋಡ್ದಾ?”

“ನೋಡ್ದೆ ಅತ್ತೆ. ನೀನು ಬಾಯೇ ಬಿಡ್ಲಿಲ್ಲ.”

“ಹೂಂ,” ಎಂದಳು. ಶಾಲನ್ನು ಮಡಿಚಿ ನನ್ನ ತೊಡೆಯ ಮೇಲಿಟ್ಟಳು. ಮನೆಯಲ್ಲಿ ಅಜ್ಜಿ ಅದನ್ನು ಮುಟ್ಟಿ ನೋಡಿ, ಬೆಚ್ಚಗಿಲ್ಲ ಎಂದು ಕೆಳಗಿಟ್ಟಳು.

ಅಲ್ಲಿಂದೀಚೆಗೆ ನಾನು ಬಾಯಿಗಳನ್ನು ನೋಡುತ್ತೇನೆ. ಪುಸ್ತಕ ಬಿಡುಗಡೆಗಳಲ್ಲಿ, ನಾಟಕಗಳಲ್ಲಿ, ಫೋನಿನಲ್ಲಿ ಬೆರಳು ಜಾರಿಸಿದಷ್ಟೂ ಬರುವ ಹಾಡು ಕುಣಿತಗಳಲ್ಲಿ, ಎದುರಿರುವವರು ನಿಜವಾಗಿ ಹಾಡುತ್ತಿದ್ದಾರೋ ಅಥವಾ ಎಲ್ಲಿಂದಲೋ ಬರುತ್ತಿರುವ ಸದ್ದಿಗೆ ತುಟಿ ಆಡಿಸುತ್ತಿದ್ದಾರೋ ಎಂದು ಹುಡುಕುತ್ತೇನೆ. ಹೆಚ್ಚಿನವರದು ಎರಡನೆಯದೇ. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಕಸ ಎನ್ನುವ ಮೂಢಳು ನಾನಲ್ಲ. ಹಳೆಯ ಕಸವನ್ನೂ ಬೇಕಾದಷ್ಟು ಕಂಡಿದ್ದೇನೆ, ನಿನ್ನೆ ಮೊನ್ನೆಯ ಹುಡುಗರಲ್ಲಿ ಮೈ ನಡುಗುವಂತೆ ಬರೆಯುವವರನ್ನೂ ಕಂಡಿದ್ದೇನೆ. ಸಿಟ್ಟಿರುವುದು ಚಪ್ಪಾಳೆಯ ಮೇಲೆ. ಬಿಗಿದ ಬಾಯಿ ಕಣ್ಣೆದುರಿಗಿದ್ದೂ ತಟ್ಟುತ್ತಾರಲ್ಲ, ಆ ಚಪ್ಪಾಳೆಯ ಮೇಲೆ.

ಹಾಸನದಿಂದ ಬಂದ ಮೇಲೆ ಅತ್ತೆ ಕಾಫಿ ಬಿಡಿಸುವಾಗ, ಕಡುಬು ಕಟ್ಟುವಾಗ ಗುನುಗುವುದನ್ನೂ ಬಿಟ್ಟಳು. ಸುಗ್ಗಿ ಬಂದರೂ ಅವಳಿನ್ನು ಹಾಡಲಾರಳು ಎಂದು ನಾನು ಒಳಗೊಳಗೇ ಹೆದರಿದ್ದೆ. ಅಷ್ಟರಲ್ಲಿ ನಮ್ಮ ಮನೆಗಿಂತ ಒಂದಿಷ್ಟು ಮೇಲಿದ್ದ ಮೇಲ್ಮನೆಯವರು ಟಿ.ವಿ. ತಂದರು, ಜೊತೆಗೆ ಪಿಚ್ಚರ್ ಹಾಕುವ ಡೆಕ್ಕು. ಸುಗ್ಗಿಯಲ್ಲಿ ಟಿ.ವಿ. ನೋಡಬಹುದೇ ಎಂದು ಊರಿನ ಹಿರಿಯರು ಕೂತು ಗಹನವಾಗಿ ಯೋಚಿಸಿ, ಎಣ್ಣೆ ಕಾಯುವುದಿಲ್ಲವಾದ್ದರಿಂದ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟು, ಮುಂದಿನ ಸಾಲಿನಲ್ಲಿ ತಾವೇ ಕುಳಿತರು. ಸುಗ್ಗಿ ಸಾರಿದ ಸಂಜೆ ಅತ್ತೆ, ಯಾರೂ ಕರೆಯದೆ, ಬಂದು ಕಂಬಕ್ಕೊರಗಿ ಹಾಡು ಎತ್ತಿಕೊಂಡಳು. ನನಗೆ ಅಳು ಬಂತು. ಒಂದಿಷ್ಟು ಹೆಂಗಸರು ಬಂದಿದ್ದರು. ಮರುದಿನ ಅವರಲ್ಲಿ ಅರ್ಧ ಜನ. ಕೊನೆಯ ಸಂಜೆ ಮೇಲ್ಮನೆಯಲ್ಲಿ ಹೊಸ ಪಿಚ್ಚರ್ ಎಂದು ಸುದ್ದಿ ಹಬ್ಬಿ ಉಳಿದವರೂ ಅತ್ತ ಹೋದರು, ಅವ್ವನೂ ಹೋದಳು. ಚಿಕ್ಕಪ್ಪ ಎಲ್ಲರಿಗಿಂತ ಮೊದಲೇ ಹೋಗಿದ್ದ. ಸಮೂಹ ಮಾಧ್ಯಮದ ಅಧ್ಯಯನಕ್ಕಂತೆ. ಬೇಲಿಯ ಆಚೆಯಿಂದ ನನ್ನ ಜೊತೆಯ ಹುಡುಗಿಯರು ಕೂಗಿದರು:

“ಬಾರೇ ಮಂಜಿ, ಫೈಟಿಂಗ್ ಐತಂತೆ! ಜಾಗ ಹೋಗ್ಬುಡ್ತದೆ!”

ನನಗೂ ಹೋಗುವ ಆಸೆಯಿತ್ತು, ಬಹಳ ಇತ್ತು. ಹೊಸ್ತಿಲ ತನಕ ಹೋಗಿ ಒಂದು ಕಾಲು ಹೊರಗಿಟ್ಟಿದ್ದೆ. ಹಿಂದೆ ನಡುಮನೆಯಲ್ಲಿ ಹಾಡಿನ ಆ ಹೆಣ್ಣು ಕೊನೆಯ ಏರು ಹತ್ತುತ್ತಿದ್ದಳು. ನಾನು ಒಳಗೆ ಬಂದು ಗೋಡೆಗೊರಗಿ ಕುಳಿತೆ. ಅಜ್ಜಿ ಉಬ್ಬಸದಿಂದ ಕಂಬಳಿ ಹೊದ್ದು ಮೂಲೆಯಲ್ಲಿ ಕುಳಿತಿದ್ದಳು. ಇದ್ದದ್ದು ನಾವು ಮೂವರೇ. ಪ್ರತಿ ನುಡಿಯ ಕೊನೆಗೆ ಕೇಳುವವರು ಅದರ ಕೊನೆಯ ಸಾಲನ್ನು, ಅಂದರೆ ಸೊಲ್ಲನ್ನು, ಹಿಡಿದು ತಿರುಗಿ ಹೇಳಬೇಕು. ಆಗಲೇ ಹಾಡುವವಳಿಗೆ ಮುಂದಿನ ನುಡಿಗೆ ಉಸಿರು ಸಿಗುವುದು. ಅದನ್ನು ಹಿಡಿಯುತ್ತಿದ್ದ ಹೆಂಗಸರೆಲ್ಲ ಟಿ.ವಿ. ಮುಂದಿದ್ದರು. ಅಜ್ಜಿಗೆ ಹಾಡುವಷ್ಟು ಉಸಿರಿರಲಿಲ್ಲ. ಅತ್ತೆ ನುಡಿ ಮುಗಿಸಿ ನಿಲ್ಲಿಸಿದಳು, ಕಣ್ಣು ತೆರೆದು ಖಾಲಿ ಗೋಡೆಯನ್ನು ನೋಡಿದಳು. ಮೇಲ್ಮನೆಯಿಂದ ಗಾಜು ಒಡೆಯುವ ಸದ್ದು, ಶಿಳ್ಳೆ, ಕೇಕೆ. ಅದಕ್ಕಿಂತ ಜೋರಾಗಬೇಕೆಂದು ನಾನು ಎದೆ ತುಂಬ ಉಸಿರೆಳೆದು, ಸೊಲ್ಲು ಹಿಡಿದು ಕೂಗಿಯೇಬಿಟ್ಟೆ.

“ಕಿರುಚಬ್ಯಾಡ ಕಣೇ,” ಎಂದಳು ಅತ್ತೆ. “ಅವ್ಳು ತವರಿನ ಬಾಗ್ಲಾಗೆ ನಿಂತವ್ಳೆ. ಒಳಗಿರೋರು ಹೆದ್ರಕಂಬುಡ್ತಾರೆ.”

ಆಮೇಲೆ ಅದೇ ನುಡಿಯನ್ನು ಇನ್ನೊಮ್ಮೆ ಹಾಡಿ, ನನಗಾಗಿ ನಿಲ್ಲಿಸಿದಳು.